ಹಬ್ಬ ಬಂತು, ಮಕ್ಕಳ ಕಥೆ ಎಲ್ಲಿ?

ಯಹೂದಿಯರ ಹನುಕ್ಕಾ ಹಬ್ಬ ಬರುವುದು ಸಾಮಾನ್ಯವಾಗಿ ಡಿಸೆಂಬರ್ ಆಸುಪಾಸಿನಲ್ಲಿ. ಅಮೆರಿಕದ ಪುಸ್ತಕದಂಗಡಿಗಳಲ್ಲಿ ಆಗ ಸಾಂತಾ ಕ್ಲಾಸ್‌ನದೇ ದರ್ಬಾರು. ನಮ್ಮ ಮನೆ ಹಬ್ಬದ ಕಥೆ ಎಲ್ಲಿದೆ ಎಂದು ಮಗು ಕೇಳಿದರೆ ಯಹೂದಿ ಅಪ್ಪ-ಅಮ್ಮ ಹುಡುಕಾಡಬೇಕಾಗಿತ್ತು.

ಹುಡುಕಿ ಸಿಗದೇ ಹೋದಾಗ ತಾವೇ ಬರೆದವರೂ ಇದ್ದಾರೆ. ಯಹೂದಿಯರ ಇನ್ನೊಂದು ಹಬ್ಬವಾದ ಪಸ್ಕದ ರಾತ್ರಿ ಮನೆಮಂದಿಯೆಲ್ಲ ಮೇಜಿನ ಸುತ್ತ ಕೂತು ಹಗ್ಗಾದಾ ಎಂಬ ಪುಸ್ತಕ ಓದುತ್ತಾರೆ. ಈಜಿಪ್ಟಿನ ಗುಲಾಮಗಿರಿಯಿಂದ ಪೂರ್ವಿಕರು ಪಾರಾದ ಕಥೆ ಅದರಲ್ಲಿದೆ. ಅದರಲ್ಲಿನ ನಾಲ್ಕು ಪ್ರಶ್ನೆ ಕೇಳುವ ಸರದಿ ಮನೆಯ ಅತಿ ಕಿರಿಯ ಮಗುವಿನದು; ಪುಸ್ತಕ ಮಾತ್ರ ದೊಡ್ಡವರಿಗೆ ಹೇಳಿ ಮಾಡಿಸಿದ್ದು. 1970ರ ದಶಕದಲ್ಲಿ ಜೂಡಿ ಗ್ರೋನರ್, ಮ್ಯಾಡಲೀನ್ ವಿಕ್ಲರ್ ಎಂಬ ಇಬ್ಬರು ತಾಯಂದಿರು ಚಿಕ್ಕವರಿಗಾಗಿಯೇ ಒಂದು ಹಗ್ಗಾದಾ ಬರೆದು ಅಚ್ಚು ಹಾಕಿಸಿದರು. ತಮ್ಮ ಮಕ್ಕಳಾದ ಕರೆನ್, ಬೆನ್ ಹೆಸರು ಕೂಡಿಸಿ ಅವರು ಕಟ್ಟಿದ ಕಾರ್-ಬೆನ್ ಪ್ರಕಾಶನ ಇಂದಿಗೂ ಹಬ್ಬದ ಪುಸ್ತಕಗಳಿಗೆ ಹೆಸರುವಾಸಿ.

ಪುಸ್ತಕವನ್ನು ಮನೆಬಾಗಿಲಿಗೇ ತಲುಪಿಸುವ ಕೆಲಸ ಶುರುವಾದದ್ದು 2005ರಲ್ಲಿ. ಮ್ಯಾಸಚೂಸೆಟ್ಸ್‌ನ ರಿಯಲ್ ಎಸ್ಟೇಟ್ ಉದ್ಯಮಿ ಹೆರಾಲ್ಡ್ ಗ್ರಿನ್‌ಸ್ಪೂನ್, ಗಾಯಕಿ ಡಾಲಿ ಪಾರ್ಟನ್ ಮಕ್ಕಳಿಗೆ ಅಂಚೆಯಲ್ಲಿ ಉಚಿತವಾಗಿ ಪುಸ್ತಕ ಕಳಿಸುತ್ತಿದ್ದುದನ್ನು ಕಂಡು, ಅದನ್ನೇ ಯಹೂದಿ ಮಕ್ಕಳಿಗೂ ಮಾಡಲು ಹೊರಟರು. ಹುಟ್ಟಿದ ಕೂಸಿನಿಂದ ಹನ್ನೆರಡು ವರ್ಷದವರವರೆಗೆ, ವಯಸ್ಸಿಗೆ ತಕ್ಕ ಪುಸ್ತಕ, ಬಿಡಿಗಾಸಿಲ್ಲದೆ. ಪೈಜಾಮ ತೊಟ್ಟು ಹಾಸಿಗೆ ಸೇರುವ ಹೊತ್ತಿನ ಓದು ಎಂದು ಅದಕ್ಕೆ ಪಿಜೆ ಲೈಬ್ರರಿ ಎಂಬ ಹೆಸರು. ರಕ್ಷಾಪುಟದ ಒಳಮಡಿಕೆಯಲ್ಲಿ ಅಪ್ಪ-ಅಮ್ಮನಿಗೆಂದೇ ಚಿಕ್ಕ ಟಿಪ್ಪಣಿ ಇರುತ್ತದೆ: ಹಬ್ಬದ ಹಿನ್ನೆಲೆ, ಮಗುವಿನ ಜೊತೆ ಏನು ಮಾತಾಡಬಹುದು ಎಂಬುದು. ಸಂಪ್ರದಾಯ ಮರೆತ ತಾಯ್ತಂದೆಯರಿಗೂ ಸದ್ದಿಲ್ಲದೆ ಪಾಠವಾಗುತ್ತದೆ, ಜಾಣ ಉಪಾಯ. ಇಸ್ರೇಲಿನಲ್ಲಿ 2009ರಿಂದ ಶಿಶುವಿಹಾರಗಳ ಮೂಲಕವೇ ಹೀಬ್ರೂ ಪುಸ್ತಕಗಳು ಮನೆ ಸೇರುತ್ತಿವೆ. ಅಲ್ಲಿನ ಅರಬ್ ಮಕ್ಕಳಿಗೆ ಅರಬ್ಬಿ ಪುಸ್ತಕಗಳ ಯೋಜನೆಯೂ ಇದೆ.

ಪುಸ್ತಕ ಸಿಕ್ಕಿತು ಸರಿ, ಅದರಲ್ಲಿ ಕಥೆ ಇರಬೇಕಲ್ಲ! ದೀಪ ಎಷ್ಟು, ಯಾಕೆ ಹಚ್ಚಬೇಕು ಎಂದು ಪುಟಪುಟದಲ್ಲೂ ಪಾಠ ಹೇಳುವ ಹಬ್ಬದ ಪುಸ್ತಕಗಳಿಗೇನೂ ಬರವಿಲ್ಲ. ಮಗು ಎರಡನೇ ಸಲ ಅವನ್ನು ಮುಟ್ಟುವುದಿಲ್ಲ. ಎರಿಕ್ ಕಿಮ್ಮೆಲ್ ಬರೆದ ‘ಹರ್ಷೆಲ್ ಅಂಡ್ ದಿ ಹನುಕ್ಕಾ ಗಾಬ್ಲಿನ್ಸ್’ (1989) ಬೇರೆಯೇ ಜಾತಿಯದು. ದೀಪ ಹಚ್ಚಲು ಬಿಡದ ದೆವ್ವಗಳು ಒಂದು ಊರಿನ ಹಬ್ಬ ಕೆಡಿಸಿರುತ್ತವೆ. ನಮ್ಮ ತೆನಾಲಿ ರಾಮಕೃಷ್ಣನಂಥ ಚತುರ ಹರ್ಷೆಲ್, ಪಾಳುಬಿದ್ದ ಪ್ರಾರ್ಥನಾ ಮಂದಿರದಲ್ಲಿ ಎಂಟು ರಾತ್ರಿ ಒಬ್ಬನೇ ಕೂರುತ್ತಾನೆ. ಬೇಯಿಸಿದ ಮೊಟ್ಟೆಯನ್ನು ಮುಷ್ಟಿಯಲ್ಲಿ ಹಿಸುಕಿ, ಕಲ್ಲು ಪುಡಿ ಮಾಡಿದೆ ನೋಡು ಎಂದು ಒಂದು ದೆವ್ವವನ್ನು ಹೆದರಿಸುತ್ತಾನೆ. ಉಪ್ಪಿನಕಾಯಿ ಜಾಡಿಗೆ ಕೈ ಹಾಕಿದ ಇನ್ನೊಂದು, ಹಿಡಿದದ್ದನ್ನು ಬಿಡಲೊಲ್ಲದೆ ಸಿಕ್ಕಿಬೀಳುತ್ತದೆ. ಟ್ರೀನಾ ಶಾರ್ಟ್ ಹೈಮನ್‌ರ ಕತ್ತಲು ತುಂಬಿದ ಚಿತ್ರಗಳಿಗೆ, ಅಮೆರಿಕದಲ್ಲಿ ಮಕ್ಕಳ ಚಿತ್ರಪುಸ್ತಕಗಳಿಗೆ ಕೊಡುವ ಕ್ಯಾಲ್ಡೆಕಾಟ್ ಗೌರವ ಸಿಕ್ಕಿತು.

ಬಾರ್ಬರಾ ಕೋಹೆನ್‌ರ ‘ದಿ ಕಾರ್ಪ್ ಇನ್ ದಿ ಬಾತ್‌ಟಬ್’ (1972) ಇನ್ನೂ ಧೈರ್ಯದ ಪುಸ್ತಕ. ಪಸ್ಕದ ಅಡುಗೆಗೆಂದು ಅಮ್ಮ ಜೀವಂತ ಮೀನು ತಂದು ಸ್ನಾನದ ತೊಟ್ಟಿಯಲ್ಲಿ ಬಿಡುತ್ತಾಳೆ. ಮಕ್ಕಳು ಅದಕ್ಕೆ ಜೋ ಎಂದು ಹೆಸರಿಟ್ಟು ಸ್ನೇಹ ಬೆಳೆಸಿ, ಉಳಿಸಿಕೊಳ್ಳಲು ನೆರೆಮನೆಗೆ ಸಾಗಿಸುತ್ತಾರೆ. ಆದರೂ ಜೋ ಬದುಕುವುದಿಲ್ಲ. ಮಕ್ಕಳ ಪುಸ್ತಕದಲ್ಲಿ ಹಾಗೆ ಬರೆಯಲು ಎದೆಗಾರಿಕೆ ಬೇಕು.

ಈಗಿನ ಪುಸ್ತಕಗಳಲ್ಲಿ ನಮ್ಮ ಮನೆಗಳಿಗೆ ಹತ್ತಿರದ್ದು ಪಮೇಲಾ ಎರೆನ್‌ಬರ್ಗ್‌ರ ‘ಕ್ವೀನ್ ಆಫ್ ದಿ ಹನುಕ್ಕಾ ದೋಸಾಸ್’ (2017). ಒಂದು ದಿನದ ಎಣ್ಣೆಯಲ್ಲಿ ದೀಪ ಎಂಟು ದಿನ ಉರಿದ ಪವಾಡ ನೆನೆಯುವ ಹನುಕ್ಕಾಗೆ ಆಲೂಗಡ್ಡೆಯ ಲಾಟ್ಕೆ ಕರಿಯುವುದು ಅಮೆರಿಕದ ಯಹೂದಿ ಮನೆಗಳ ರೂಢಿ. ಈ ಭಾರತೀಯ-ಯಹೂದಿ ಮನೆಯಲ್ಲಿ ಮಾತ್ರ ಕಾವಲಿ ಮೇಲೆ ದೋಸೆ. ಸಿಕ್ಕಿದ್ದರ ಮೇಲೆಲ್ಲ ಹತ್ತುವ ಪುಟ್ಟ ತಂಗಿ ಸೇಡಿ ಅಣ್ಣನಿಗೆ ತಲೆನೋವು. ಎಲ್ಲರೂ ಮನೆಯ ಹೊರಗೆ ಸಿಕ್ಕಿಹಾಕಿಕೊಂಡಾಗ ಕೈಹಿಡಿಯುವುದು ಅವಳ ಅದೇ ಕೋತಿಚೇಷ್ಟೆ.

ಅಮೆರಿಕದಲ್ಲಿ ಯಹೂದಿ ಅಳಿಯನೋ ಸೊಸೆಯೋ ಇರುವ ಕನ್ನಡ ಮನೆಗಳೂ ಪಿಜೆ ಲೈಬ್ರರಿಗೆ ಮಕ್ಕಳ ಹೆಸರು ಬರೆಸಬಹುದು. ತಂದೆ-ತಾಯಿ ಇಬ್ಬರೂ ಯಹೂದಿಗಳೇ ಆಗಿರಬೇಕೆಂಬ ಷರತ್ತು ಅಲ್ಲಿಲ್ಲ.