ಅಸಲಿಗಿಂತ ಮೊದಲೇ ಹುಟ್ಟಿದ ನಕಲು

ನನ್ನ ಮೇಜಿನ ಮೇಲೆ ಹೆಬ್ಬೆರಳಿಗಿಂತ ಚಿಕ್ಕವನೊಬ್ಬ ನರುಟೊ, ಜಪಾನಿನ ಕಾರ್ಟೂನಾದ ಅನಿಮೆಯ ನಾಯಕ, ಬೊಂಬೆಯಾಗಿ ನಿಂತಿದ್ದಾನೆ. ನೋಡಿದವರೆಲ್ಲ ಕೇಳುವುದು ಒಂದೇ: ‘ಒರಿಜಿನಲ್ಲಾ, ಡೂಪ್ಲಿಕೇಟಾ?’ ಡೂಪ್ಲಿಕೇಟೇ, ಅನುಮಾನವಿಲ್ಲ. ಆದರೆ ಯಾವುದರ ಡೂಪ್ಲಿಕೇಟ್? ಇವನು ಅಚ್ಚಿನಿಂದ ಹೊರಬಿದ್ದಾಗ ಡೆನ್ಮಾರ್ಕಿನ ಆಟಿಕೆ ಕಂಪನಿ ಲೆಗೋದವರ ಬಳಿ ನರುಟೊ ಇರಲೇ ಇಲ್ಲ. ಮೈಕಟ್ಟು ಡೆನ್ಮಾರ್ಕಿನದು, ಮುಖ ಜಪಾನಿನದು, ಅಚ್ಚು ಚೀನಾದ್ದು. ಮೊದಲಿಬ್ಬರನ್ನು ಯಾರೂ ಒಂದು ಮಾತು ಕೇಳಿಲ್ಲ.

ಹಳದಿ ಮುಖದ, ಸುಮಾರು ನಾಲ್ಕು ಸೆಂಟಿಮೀಟರ್ ಎತ್ತರದ ಲೆಗೋ ಬೊಂಬೆ, ಅಂದರೆ ಮಿನಿಫಿಗರ್, ಹುಟ್ಟಿದ್ದು 1978ರಲ್ಲಿ. ಲೆಗೋ ಇಟ್ಟಿಗೆಯ 1958ರ ಪೇಟೆಂಟ್ ಅವಧಿ ಎಂದೋ ಮುಗಿದಿದೆ. ಹಾಗಾಗಿ ಅದಕ್ಕೆ ಜೋಡಿಕೊಳ್ಳುವ ಇಟ್ಟಿಗೆಯನ್ನು ಬೇರೆಯವರೂ ಮಾಡಬಹುದು. ಬೊಂಬೆಯ ಕಥೆ ಬೇರೆ. ಅದರ ಆಕಾರಕ್ಕೇ ಯುರೋಪಿನಲ್ಲಿ ಟ್ರೇಡ್‌ಮಾರ್ಕ್ ಇದೆ, 2015ರಲ್ಲಿ ಅಲ್ಲಿನ ನ್ಯಾಯಾಲಯ ಅದನ್ನು ಎತ್ತಿಹಿಡಿಯಿತು. ಚೀನಾದಲ್ಲೂ ಎಲ್ಲ ನಡೆಯುತ್ತದೆ ಎಂದುಕೊಳ್ಳಬೇಡಿ. ಆಟಿಕೆ ಕಾರ್ಖಾನೆಗಳ ಊರಾದ ಶಾಂಟೌನಲ್ಲಿ 2019ರಲ್ಲಿ ಲೆಗೋ ನಕಲು ಮಾಡುತ್ತಿದ್ದ ‘ಲೆಪಿನ್’ ಮೇಲೆ ಪೊಲೀಸ್ ದಾಳಿ ಆಯಿತು. ಮರುವರ್ಷ ಅದರ ಮುಖ್ಯಸ್ಥನಿಗೆ ಆರು ವರ್ಷ ಜೈಲು, ಒಂಬತ್ತು ಕೋಟಿ ಯುವಾನ್ ದಂಡ.

ನಕಲನ್ನು ಗುರುತಿಸುವ ಕೆಲಸ ಶುರುವಾಗುವುದು ಬೊಂಬೆಯ ತಲೆ ಕೀಳುವುದರಿಂದ. ಅಸಲಿ ಲೆಗೋ ಆದರೆ ಕತ್ತಿನ ಗುಬುಟಿನ ಮೇಲೂ ಸೊಂಟದ ಗುಬುಟುಗಳ ಮೇಲೂ ಕಂಪನಿಯ ಹೆಸರು ಸಣ್ಣಗೆ ಮೂಡಿರುತ್ತದೆ. ನಕಲಿನಲ್ಲಿ ಸಾಮಾನ್ಯವಾಗಿ ಬೋಳು. ಇಷ್ಟಕ್ಕೆ ನಿಲ್ಲುವವರು ಬಹಳ, ಸಂಗ್ರಾಹಕನ ಕೆಲಸ ಇಲ್ಲಿಂದಾಚೆಗೆ. ಲೆಗೋ ಅಲ್ಲ ಎಂದು ಗೊತ್ತಾಯಿತು, ಸರಿ, ಮತ್ತೆ ಯಾರದ್ದು? (ಲೆಗೋ ಅಲ್ಲದ್ದೆಲ್ಲ ಕಳ್ಳಮಾಲೂ ಅಲ್ಲ, ಮ್ಯಾಟೆಲ್‌ನವರ ಮೆಗಾ ಪೋಕೆಮಾನ್ ಲೈಸೆನ್ಸ್ ಪಡೆದ ಸಾಮಾನು.)

ಉತ್ತರ ಪೊಟ್ಟಣದ ಕೋಡ್‌ನಲ್ಲಿದೆ. ಪಿಜಿ ಎಂದು ಶುರುವಾದರೆ ಪೋಗೊ, ಕೆಟಿ ಆದರೆ ಕೊರುಯಿಟ್, ಕೆಎಫ್ ಆದರೆ ಕೋಪ್ಫ್, ಡಬ್ಲ್ಯುಎಂ ಆದರೆ ವರ್ಲ್ಡ್ ಮಿನಿಫಿಗರ್ಸ್. ಮುಂದಿನ ಅಂಕಿಗಳು ಪಾತ್ರವನ್ನು ಹೇಳುತ್ತವೆ. ಸಾಮಾನ್ಯವಾಗಿ ಎಂಟು ಬೊಂಬೆಗಳದ್ದು ಒಂದು ಸರಣಿ. ಪೊಟ್ಟಣ ಹರಿದು ಎಸೆದಿರೋ, ಅರ್ಧ ಜಾತಕ ಕಸದಬುಟ್ಟಿಗೆ ಹೋದಂತೆ. ನಾನು ಮೊದಲ ಇಪ್ಪತ್ತು ಬೊಂಬೆಗಳನ್ನು ಹೀಗೇ ಅನಾಥ ಮಾಡಿದೆ. ಈಗ ಪೊಟ್ಟಣದ ತುಂಡನ್ನೂ ಬೊಂಬೆಯನ್ನೂ ಒಂದೇ ಜಿಪ್‌ಕವರಿಗೆ ಹಾಕುತ್ತೇನೆ.

ಕೋಡ್ ಕಳೆದರೆ ಕೂದಲು ನೋಡಿ. ಉಕ್ಕಿನ ಅಚ್ಚು ಕೊರೆಸುವುದು ದುಬಾರಿ, ಪ್ರಿಂಟ್ ಬದಲಿಸುವುದು ಅಗ್ಗ. ಆದ್ದರಿಂದ ಇನ್ನೊಬ್ಬ ಅನಿಮೆ ನಾಯಕ ಗೋಕುವಿನ ಮುಳ್ಳುಗೂದಲಿನ ಅಚ್ಚನ್ನೇ ಕಪ್ಪು, ಹಳದಿ, ನೀಲಿ ಬಣ್ಣಗಳಲ್ಲಿ ತೆಗೆದು ಮೂರು ಬೊಂಬೆ ಮಾರುತ್ತಾರೆ. ಅಚ್ಚಿಗೂ ದುಡ್ಡು ಹಾಕದವರು ಸಿದ್ಧ ಬೊಂಬೆಯಿಂದಲೇ ಅಚ್ಚು ತೆಗೆಯುವುದುಂಟು. ಬಿಸಿ ಪ್ಲಾಸ್ಟಿಕ್ ತಣ್ಣಗಾಗುವಾಗ ಶೇಕಡಾ ಅರ್ಧದಷ್ಟು ಕುಗ್ಗುತ್ತದೆ, ಹೀಗಾಗಿ ನಕಲಿನ ನಕಲು ಕೂದಲೆಳೆಯಷ್ಟು ಕುಳ್ಳ. ಕಣ್ಣಿಗೆ ತಿಳಿಯದು, ಕೈಗೆ ತಿಳಿಯುತ್ತದೆ: ತೋಳು ಲಡಲಡ, ತಲೆ ಗಿರಗಿರ. ಅಸಲಿ ಕೈ ಹಿಡಿಯುವುದು 3.18 ಮಿಲಿಮೀಟರ್ ದಪ್ಪದ ಸಲಾಕೆಯನ್ನು. ಅಷ್ಟು ದಪ್ಪದ ಒಂದು ಲೆಗೋ ಸಲಾಕೆ ಜೇಬಲ್ಲಿದ್ದರೆ ಅದೇ ನಿಮ್ಮ ಅಳತೆಗೋಲು.

ಕೊನೆಗೆ ಪ್ರಿಂಟ್. ಇಲ್ಲಿ ಅನಿಮೆ ನೋಡಿದವರಿಗೇ ಮೇಲುಗೈ. ಗೋಕುವಿನ ಎದೆಯ ಮೇಲೆ ಆಮೆ ಎಂಬ ಅರ್ಥದ ‘ಕಮೆ’ ಅಕ್ಷರವಿದ್ದರೆ ಅವನು ಆರಂಭದ ಕಥೆಯವನು; ತನ್ನದೇ ಹೆಸರಿನ ‘ಗೋ’ ಇದ್ದರೆ ನಮೆಕ್ ಗ್ರಹದವನು; ಅಕ್ಷರವೇ ಇಲ್ಲದಿದ್ದರೆ ಆಂಡ್ರಾಯ್ಡ್‌ಗಳ ಕಾಲದವನು. ನರುಟೊ ಕಥೆಯ ಅಕಾಟ್ಸುಕಿ ಗುಂಪಿನವರ ಕಪ್ಪು ನಿಲುವಂಗಿಯ ಕೆಂಪು ಮೋಡಕ್ಕೆ ಬಿಳಿ ಅಂಚು ಬೇಕು. ಆ ಗುಂಪಿನ ಇಟಾಚಿಯ ಹಣೆಪಟ್ಟಿಯ ಚಿಹ್ನೆಯ ಮೇಲೆ ಅಡ್ಡಗೀರು ಇರಲೇಬೇಕು. ಇಲ್ಲದಿದ್ದರೆ ಅವನು ಊರು ಬಿಟ್ಟೇ ಇಲ್ಲ ಎಂದಾಯಿತು! ಇನ್ನೊಂದು ಅನಿಮೆಯ ತಾಂಜಿರೋನ ಹಸಿರು-ಕಪ್ಪು ಚೌಕುಳಿ ಎದೆಯಿಂದ ತೋಳಿಗೂ ಹರಿದಿದೆಯೇ, ಎದೆಯಲ್ಲೇ ನಿಂತಿತೇ ನೋಡಿ. ಕಾರ್ಖಾನೆ ಎಲ್ಲಿ ಕಾಸು ಉಳಿಸಿತು ಎಂದು ಅಲ್ಲೇ ಗೊತ್ತಾಗುತ್ತದೆ. ‘ಒನ್ ಪೀಸ್’ನ ಝೋರೋನ ಮೂರನೇ ಕತ್ತಿಯ ಜಾಗ ಬಾಯಿ. ಪಾಪ, ಮಿನಿಫಿಗರಿಗೆ ಬಾಯಿ ಎಂದರೆ ಬರೀ ಬಣ್ಣ.

ಕಾಪಾಡುವುದು ಕಷ್ಟವಲ್ಲ. ಬಿಸಿಲು ತಾಗದ ಡಬ್ಬಿ, ತೊಳೆಯಲು ಉಗುರುಬೆಚ್ಚಗಿನ ನೀರು, ಪ್ರಿಂಟ್ ಇರುವಲ್ಲಿ ಉಜ್ಜದ ಕೈ. ರಬ್ಬರಿನಂಥ ಮೆತ್ತನೆಯ ಬಿಡಿಭಾಗಗಳನ್ನು ಬೇರೆ ಇಡಿ. ಅವುಗಳೊಳಗಿನ ಎಣ್ಣೆಯಂಥ ರಾಸಾಯನಿಕ ಜಿನುಗಿ ಗಟ್ಟಿ ಪ್ಲಾಸ್ಟಿಕ್ಕನ್ನು ಅಂಟಂಟು ಮಾಡುತ್ತದೆ. ಭಾರತದಲ್ಲಿ 2021ರ ಜನವರಿಯಿಂದ ಮಕ್ಕಳ ಆಟಿಕೆಗೆ ಐಎಸ್‌ಐ ಗುರುತು ಕಡ್ಡಾಯ. ಅದಿಲ್ಲದ್ದನ್ನು ಮಗುವಿನ ಕೈಗೆ ಕೊಡಬೇಡಿ. ತಲೆ, ಕೂದಲು, ಕತ್ತಿ, ಎಲ್ಲವೂ ಗಂಟಲಲ್ಲಿ ಸಿಕ್ಕಿಕೊಳ್ಳುವ ಗಾತ್ರದವೇ. ಮಾರುವಾಗ ಕೋಡ್ ಸಮೇತ ನಕಲು ಎಂದೇ ಹೇಳಿ ಮಾರಿ. ‘ಲೆಗೋ ನರುಟೊ, ಅಪರೂಪದ್ದು’ ಎಂದು ಟೋಪಿ ಹಾಕುವವರು ಈಗಲೇ ಸಾಕಷ್ಟಿದ್ದಾರೆ.

2025ರ ಆಗಸ್ಟ್‌ನಲ್ಲಿ ಲೆಗೋ ‘ಒನ್ ಪೀಸ್’ ಸೆಟ್‌ಗಳನ್ನು ತಂದಿತು, ನೆಟ್‌ಫ್ಲಿಕ್ಸ್ ಧಾರಾವಾಹಿಯ ಆಧಾರದಲ್ಲಿ. ಅದರ ನಾಯಕ ಲೂಫಿಗೆ ಕೊನೆಗೂ ಒಬ್ಬ ಅಸಲಿ ಸಿಕ್ಕ. ನನ್ನ ಡಬ್ಬಿಯಲ್ಲಿರುವ ಬೋಳು ಕತ್ತಿನ ಲೂಫಿ ಅದಕ್ಕೂ ಮೊದಲೇ ಕೊಂಡದ್ದು. ಇಬ್ಬರಲ್ಲಿ ನಕಲೇ ಹಿರಿಯ.