ಜೋಡೆತ್ತಿನಲ್ಲಿ ಒಂದು ಹೋದಾಗ

ಬೆಳಗ್ಗೆ ಕಣಿಕಿ ಹಾಕಲು ಹೋದಾಗ ಗೋದಲಿಯ ಒಂದು ಬದಿ ಖಾಲಿ. ತಿಕೋಟಾ ತಾಲೂಕಿನ ಕಳ್ಳಕವಟಗಿ ಕಡೆ ಎತ್ತು ಕಟ್ಟಿದ ಮನೆಯವರಿಗೆ ಈ ಸಂಕಟ ಬಿಡಿಸಿ ಹೇಳಬೇಕಿಲ್ಲ. 2022ರಲ್ಲಿ ಚರ್ಮಗಂಟು ರೋಗ ಬಂದಾಗ ರಾಜ್ಯದ ಸಾವಿರಾರು ಮನೆಗಳು ಇದನ್ನು ಕಂಡವು. ಸತ್ತ ಎತ್ತಿಗೆ ಸರ್ಕಾರ 30 ಸಾವಿರ ರೂಪಾಯಿ ಪರಿಹಾರ ಘೋಷಿಸಿತು. ರೊಕ್ಕ ಬಂದರೂ ಮನಸ್ಸು ಹಗುರಾಗಲಿಲ್ಲ.

‘ಎತ್ತು ಸತ್ರ ಇಷ್ಟ್ಯಾಕ ಅಳ್ತೀಯೋ ತಮ್ಮಾ’ ಅಂದರೆ ನಾಚಬೇಡಿ. ಕಾರಹುಣ್ಣಿಮೆಗೆ ಮೈ ತೊಳೆದು, ಕೊಂಬಿಗೆ ಬಣ್ಣ ಹಚ್ಚಿ, ಹೋಳಿಗೆ ತಿನ್ನಿಸಿದ ಜೀವ ಅದು. ಅಳು ಬಂದರೆ ಅತ್ತುಬಿಡಿ.

ಮೊದಲು ಪಶುವೈದ್ಯರಿಗೆ ತಿಳಿಸಿ. ವಿಮೆ ಇದ್ದರೆ ಕಿವಿಯ ಟ್ಯಾಗ್ ತೆಗೆಯದೆ ಫೋಟೊ ಹೊಡೆದಿಡಿ. ಬಾವಿ, ಹಳ್ಳದಿಂದ ದೂರ ಆಳವಾದ ಗುಂಡಿ ತೋಡಿ, ಸುಣ್ಣ ಹಾಕಿ ಮಣ್ಣು ಮಾಡಿ. ಮನೆಮಂದಿಯೆಲ್ಲ ನಿಂತು ಕೈ ಮುಗಿಯಲಿ. ಮಕ್ಕಳಿಗೆ ‘ಮಾರಿದಿವಿ’ ಅಂತ ಸುಳ್ಳು ಹೇಳಬೇಡಿ.

ಉಳಿದ ಎತ್ತನ್ನು ಮರೆಯಬೇಡಿ. ಜೋಡಿ ಕಾಣದೆ ಅದೂ ಒದರುತ್ತದೆ, ಮೇವು ಬಿಡುತ್ತದೆ. ಹತ್ತಿರ ನಿಂತು ಮೈ ಸವರಿ, ಕೈಯಾರೆ ತಿನ್ನಿಸಿ. ಅದಕ್ಕೂ ರೋಗ ತಗಲಿರಬಹುದು. ಮೇವು ಮುಟ್ಟದಿದ್ದರೆ ದುಃಖವೆಂದು ಸುಮ್ಮನಿರದೆ 1962ಕ್ಕೆ ಫೋನ್ ಮಾಡಿ.

ಬರುವ ಸಂತೆಯಲ್ಲೇ ಹೊಸ ಎತ್ತು ತರುವ ಅವಸರ ಬೇಡ. ಬಿತ್ತನೆ ಹತ್ತಿರವಿದ್ದರೆ ನೆರೆಯವರ ಜೋಡಿ ಕೇಳಿ, ಇಲ್ಲವೇ ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿಯಿರಿ.

ವಾರಗಟ್ಟಲೆ ನಿದ್ದೆ ಬರದಿದ್ದರೆ, ಯಾವುದೂ ಬೇಡವೆನಿಸಿದರೆ ಟೆಲಿ ಮಾನಸ್ 14416ಕ್ಕೆ ಕರೆ ಮಾಡಿ. ಕರೆ ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಮಣ್ಣೆತ್ತಿನ ಅಮಾವಾಸ್ಯೆಗೆ ಮಕ್ಕಳು ಮಣ್ಣಲ್ಲಿ ಜೋಡಿ ಮಾಡುವಾಗ ಒಂದಕ್ಕೆ ಅದರ ಹೆಸರಿಡಲಿ.