ನಿಮಗಿದು ಗೊತ್ತೇ? ಮೊಬೈಲಿಗೆ ನಮ್ಮ ಮಾತು ತಿಳಿಯಬೇಕಾದರೆ...

● ಆಡಿದ ಮಾತನ್ನು ಅಕ್ಷರವಾಗಿಸುವ ಸೌಲಭ್ಯ ಆಂಡ್ರಾಯ್ಡ್ ಆ್ಯಪ್‌ಗಳಿಗೆ ಸಿಕ್ಕಿದ್ದು 2009ರಲ್ಲಿ. ಗೂಗಲ್‌ನ ಧ್ವನಿ ಟೈಪಿಂಗ್‌ಗೆ ಕನ್ನಡ ಸೇರಿದ್ದು 2017ರ ಆಗಸ್ಟ್‌ನಲ್ಲಿ. ನಡುವೆ ಎಂಟು ವರ್ಷ!

● ನಮ್ಮ ಬಾಗಲಕೋಟೆ ಜಿಲ್ಲೆಯಲ್ಲಿ ಕೂತು ಮಾತು ತಿಳಿಯುವ ಆ್ಯಪ್ ಮಾಡುವವರಿಗೆ ಮುಖ್ಯವಾಗಿ ಮೂರು ದಾರಿಗಳಿವೆ. ಫೋನಿನಲ್ಲಿ ಮೊದಲೇ ಇರುವ ಸೌಲಭ್ಯವನ್ನು ಬಳಸುವುದು, ಧ್ವನಿಯನ್ನು ದೂರದ ಸರ್ವರ್‌ಗೆ ಕಳಿಸುವುದು, ಇಲ್ಲವೇ ಮಾತು ಗುರುತಿಸಲು ಕಲಿತ ತಂತ್ರಾಂಶದ ಮಾದರಿಯನ್ನೇ (ಮಾಡೆಲ್) ಆ್ಯಪ್‌ನೊಳಗೆ ಇಡುವುದು.

● ಮೊದಲ ದಾರಿ ಸುಲಭ, ಖರ್ಚಿಲ್ಲ. ಆದರೆ ಅದು ಬಿಡದೆ ಕೇಳಿಸಿಕೊಳ್ಳುವ ಕೆಲಸಕ್ಕಲ್ಲ, ಹಾಗೆ ಬಳಸಿದರೆ ಬ್ಯಾಟರಿ, ಡೇಟಾ ಎರಡೂ ಬೇಗ ಖರ್ಚಾಗುತ್ತವೆ ಎಂದು ಆಂಡ್ರಾಯ್ಡ್‌ನವರೇ ಎಚ್ಚರಿಸಿದ್ದಾರೆ.

● ಎರಡನೆಯ ದಾರಿಯಲ್ಲಿ, ಸಾಮಾನ್ಯವಾಗಿ ಬಳಸುವ ಗುಣಮಟ್ಟದ ಧ್ವನಿಯನ್ನು ಕುಗ್ಗಿಸದೆ ಕಳಿಸಿದರೆ, ಒಂದು ನಿಮಿಷದ ಮಾತು ಸುಮಾರು 2 ಎಂಬಿ ಆಗುತ್ತದೆ. ಬಾದಾಮಿಯ ಗುಡ್ಡದ ಮರೆಯಲ್ಲಿ ಸಿಗ್ನಲ್ ಕೈಕೊಟ್ಟರೆ ಈ ದಾರಿ ಅಲ್ಲಿಗೇ ನಿಂತಿತು.

● ಹಾಗಾದರೆ ಮೂರನೆಯದೇ ಸರಿಯೇ? 2022ರಲ್ಲಿ ಬಂದ ಓಪನ್‌ಎಐ ಸಂಸ್ಥೆಯ ‘ವಿಸ್ಪರ್’ ಮಾದರಿ 6,80,000 ಗಂಟೆಗಳ ಧ್ವನಿ ಕೇಳಿ ಕಲಿತದ್ದು, ಯಾರು ಬೇಕಾದರೂ ಬಳಸಬಹುದು. ಅದರಲ್ಲಿ ಕನ್ನಡ ಮಾತನ್ನು ಕನ್ನಡದಲ್ಲೇ ಬರೆಯಲು ಕಲಿಸಿದ ಪಾಲು ಬೆರಳೆಣಿಕೆಯ ಗಂಟೆಗಳು! ಫೋನಿನಲ್ಲಿ ಹಿಡಿಸುವ ಅದರ ಚಿಕ್ಕ ಮಾದರಿಗಳು ಕನ್ನಡದಲ್ಲಿ ಎಡವುವುದಕ್ಕೆ ಇದೂ ಒಂದು ಕಾರಣ.

● ನಮ್ಮ ಭಾಷೆಗಳ ಧ್ವನಿ ಸಂಗ್ರಹದ ಕೊರತೆ ತುಂಬಲು ಐಐಟಿ ಮದ್ರಾಸ್‌ನ ಎಐ4ಭಾರತ್ ತಂಡ ಆಕಾಶವಾಣಿಯ ವಾರ್ತೆಗಳಿಂದ ‘ಶ್ರುತಿಲಿಪಿ’ ಎಂಬ ಸಂಗ್ರಹ ಮಾಡಿತು. ಕನ್ನಡವೂ ಸೇರಿ 12 ಭಾಷೆಗಳ 6,400ಕ್ಕೂ ಹೆಚ್ಚು ಗಂಟೆಗಳ ಧ್ವನಿ ಅದರಲ್ಲಿದೆ. ದೊಡ್ಡ ಕೆಲಸವೇ ಸರಿ. ಆದರೆ ವಾರ್ತೆ ಓದುವವರು ‘ಮಾಡುತ್ತಿದ್ದಾರೆ’ ಅನ್ನುತ್ತಾರೆ, ಹುನಗುಂದದ ಸಂತೆಯಲ್ಲಿ ಕೇಳುವುದು ‘ಮಾಡಾಕತ್ತಾರ್ರಿ’. ವಾರ್ತೆಯನ್ನಷ್ಟೇ ಕೇಳಿ ಕಲಿತ ಯಂತ್ರ ಸಂತೆಯಲ್ಲಿ ತಡವರಿಸದೆ ಇನ್ನೇನು ಮಾಡೀತು? ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ‘ರೆಸ್ಪಿನ್’ ಯೋಜನೆ ಕೃಷಿ ಮತ್ತು ಹಣಕಾಸಿನ ಮಾತುಗಳನ್ನು ಆಯಾ ಪ್ರದೇಶದ ಆಡುನುಡಿಯಲ್ಲೇ ಸಂಗ್ರಹಿಸಿದ್ದು ಇದಕ್ಕಾಗಿಯೇ. ಅದರ ಒಂಬತ್ತು ಭಾಷೆಗಳಲ್ಲಿ ಕನ್ನಡವೂ ಒಂದು.

● ಸ್ಮಾರ್ಟ್‌ಫೋನ್ ಇಲ್ಲದವರಿಗೂ ದಾರಿ ಇತ್ತು ಗೊತ್ತೇ? ಕೃಷಿ ಉತ್ಪನ್ನಗಳ ಬೆಲೆ ಮತ್ತು ಹವಾಮಾನವನ್ನು ಕನ್ನಡದಲ್ಲಿ ಕೇಳಿ ತಿಳಿಯುವ ದೂರವಾಣಿ ವ್ಯವಸ್ಥೆಯನ್ನು ತುಮಕೂರಿನ ಸಿದ್ಧಗಂಗಾ ಎಂಜಿನಿಯರಿಂಗ್ ಕಾಲೇಜಿನ ತಿಮ್ಮರಾಜ ಯಾದವ ಮತ್ತು ಎಚ್.ಎಸ್. ಜಯಣ್ಣ ರೂಪಿಸಿದರು. ಅವರ ಸಂಶೋಧನಾ ಲೇಖನ ಪ್ರಕಟವಾದದ್ದು 2017ರಲ್ಲಿ. ರಾಜ್ಯದ ಬೇರೆ ಬೇರೆ ಕಡೆಯ ಸುಮಾರು 2,000 ರೈತರ ಧ್ವನಿಯನ್ನು, ಸುತ್ತಲಿನ ಗದ್ದಲ ಸಮೇತ, ‘ಕಾಲ್ಡಿ’ ಎಂಬ ಮುಕ್ತ ತಂತ್ರಾಂಶದ ಮೂಲಕ ಯಂತ್ರಕ್ಕೆ ಕಲಿಸಿದರು. ಜಿಲ್ಲೆ, ಮಾರುಕಟ್ಟೆ, ಬೆಳೆಗಳ ಹೆಸರುಗಳಂಥ ಗೊತ್ತಾದ ಪಟ್ಟಿಯೊಳಗೇ ಉತ್ತರ ಹುಡುಕಿದರೆ ಸಾಕಾದ್ದರಿಂದ ಯಂತ್ರದ ಹೊರೆ ತಗ್ಗಿತು. ನಮ್ಮ ಜಿಲ್ಲೆಯ ಆ್ಯಪ್‌ಗಳಿಗೂ ಇಂಥ ಪಟ್ಟಿಯೇ ಒಳ್ಳೆಯ ಮೊದಲ ಹೆಜ್ಜೆ ಎನ್ನುವುದು ನನ್ನ ಖಚಿತ ಅಭಿಪ್ರಾಯ.

● ಆದರೆ ಪಟ್ಟಿ ಇಲ್ಲಿಯದೇ ಆಗಿರಬೇಕು. ‘ಈರುಳ್ಳಿ’ ಇದ್ದು ‘ಉಳ್ಳಾಗಡ್ಡಿ’ ಇಲ್ಲದಿದ್ದರೆ, ‘ಮೆಕ್ಕೆಜೋಳ’ ಇದ್ದು ‘ಗೋವಿನಜೋಳ’ ಇಲ್ಲದಿದ್ದರೆ ಬಾಗಲಕೋಟೆಯ ರೈತನಿಗೆ ಅದು ಯಾವ ಉಪಯೋಗಕ್ಕೆ? ಇಳಕಲ್ ಸೀರೆ ಅಂಗಡಿಯ ಆ್ಯಪ್‌ಗೆ ಕೊಂಡಿ, ದಡಿ, ಸೆರಗು, ಗೋಮಿಯಂಥ ಪದಗಳು ಗೊತ್ತಿರಲೇಬೇಕು. ಆಂಡ್ರಾಯ್ಡ್ 13ರಿಂದ ಇಂಥ ಪದಗಳ ಪಟ್ಟಿಯನ್ನು ಫೋನಿನ ಸೌಲಭ್ಯಕ್ಕೆ ಮುಂಚಿತವಾಗಿಯೇ ಕೊಡಲು ಅವಕಾಶವಿದೆ. ಆ ಫೋನಿನಲ್ಲಿ ಕನ್ನಡ ಇಂಟರ್‌ನೆಟ್ ಇಲ್ಲದೆ ನಡೆಯುತ್ತದೆಯೇ ಎಂದು ಆ್ಯಪ್ ವಿಚಾರಿಸಿಕೊಳ್ಳಲೂ ಬರುತ್ತದೆ.

● ಯಂತ್ರ ಎಷ್ಟು ಸರಿಯಾಗಿ ಬರೆಯುತ್ತದೆ ಎಂದು ಅಳೆಯುವಾಗ ‘ಇಷ್ಟು ಶೇಕಡಾ ಪದ ತಪ್ಪು’ ಎಂಬ ಲೆಕ್ಕವನ್ನೊಂದೇ ನಂಬಬೇಡಿ. ‘ಊರಿಗೆ ಹೋದ’ ಎಂಬುದನ್ನು ‘ಊರಿಗೆಹೋದ’ ಎಂದು ಕೂಡಿಸಿ ಬರೆದರೂ ಆ ಲೆಕ್ಕದಲ್ಲಿ ಅದು ತಪ್ಪೇ. ಕನ್ನಡಕ್ಕೆ ಅಕ್ಷರ ತಪ್ಪುಗಳ ಲೆಕ್ಕವನ್ನೂ ಜೊತೆಗೆ ನೋಡಬೇಕು.

● ಮಾತು ಸರ್ವರ್‌ಗೆ ಹೋಗುವುದಾದರೆ ಅದನ್ನು ಬಳಕೆದಾರರಿಗೆ ಕನ್ನಡದಲ್ಲೇ ತಿಳಿಸಿ, ಒಪ್ಪಿಗೆ ಪಡೆಯಿರಿ. ವೈಯಕ್ತಿಕ ಮಾಹಿತಿಯ ರಕ್ಷಣೆಗೆ 2023ರಲ್ಲಿ ಕಾಯ್ದೆಯೇ ಬಂದಿದೆ.

● ಕೊನೆಯದಾಗಿ, ಆ್ಯಪ್ ಮಾಡುವ ನಮ್ಮ ಹುಡುಗ ಹುಡುಗಿಯರಲ್ಲಿ ಒಂದು ವಿನಂತಿ. ಮುಚ್ಚಿದ ಕೋಣೆಯಲ್ಲಿ ನಿಮ್ಮದೇ ಧ್ವನಿಯಲ್ಲಿ ಪರೀಕ್ಷಿಸಿ ಮುಗಿಸಬೇಡಿ. ಇಳಕಲ್‌ನ ನೇಕಾರರಿಂದ ಮಗ್ಗದ ಸದ್ದಿನ ನಡುವೆ, ಹುನಗುಂದದ ಅಜ್ಜಿಯಿಂದ ಬಸ್ ನಿಲ್ದಾಣದಲ್ಲಿ ಮಾತಾಡಿಸಿ ನೋಡಿ. ಯಾವ ದಾರಿ ಎಂಬುದನ್ನು ಆಮೇಲೆ ಆರಿಸಿಕೊಳ್ಳಿ.